ಮೂರು ಹೊಲಿಗೆಯ ಅಂಗಿ

ಬೀದಿಯವರಿಗೆಲ್ಲ ಅವಳು ಮೂರ್ಹೊಲಿಗೆ ಅಕ್ಕ. ಈ ಹೆಸರು ಯಾರೂ ದಾನ ಕೊಟ್ಟದ್ದಲ್ಲ, ಕಾಲಲ್ಲಿ ಮೆಷಿನ್ ತುಳಿದು ಸಂಪಾದಿಸಿದ್ದು. ಬಸುರಿ ಹೆಂಗಸರಿಗೆಂದೇ ಅವಳು ಒಂದು ಉದ್ದನೆಯ ಅಂಗಿ ಹೊಲಿಯುತ್ತಿದ್ದಳು. ಅದರ ಎರಡು ಪಕ್ಕೆಗೂ ಎರಡು ತೋಳಿಗೂ ಒಳಗಡೆ ಒಂದಿಷ್ಟು ಬಟ್ಟೆ ಮಿಗಿಸಿ, ಒಂದರ ಪಕ್ಕ ಒಂದರಂತೆ ಮೂರು ಸಾಲು ಹೊಲಿಗೆ ಹಾಕುತ್ತಿದ್ದಳು. ಮೈ ತುಂಬಿದಂತೆಲ್ಲ ಒಂದೊಂದು ಸಾಲು ಬಿಚ್ಚಿಕೊಂಡು ಹೋದರೆ, ಐದನೇ ತಿಂಗಳಲ್ಲಿ ತೊಟ್ಟ ಅಂಗಿ ದಿನ ತುಂಬುವ ತನಕ ಬರುತ್ತಿತ್ತು. "ನನ್ನ ಅಂಗಿ ಮೈಯನ್ನ ಹಿಡಿಯಲ್ಲ, ಮೈ ಹೇಳಿದ ಹಾಗೆ ಕೇಳುತ್ತೆ" ಎಂದು ಅವಳು ಹೇಳುವಾಗ ಮೂಗು ಒಂದಿಷ್ಟು ಮೇಲಕ್ಕೇ ಹೋಗುತ್ತಿತ್ತು.

ಹೋಗಲಿ ಬಿಡಿ, ಯಾರ ಹತ್ತಿರವೂ ಕಲಿತವಳಲ್ಲ ಅವಳು. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಕುತ್ತಿಗೆ ಎಲ್ಲಿ ತಿರುಗುತ್ತದೆ ತೋಳು ಎಲ್ಲಿ ಕೂರುತ್ತದೆ ಎಂದು ಕಣ್ಣಲ್ಲೇ ಅಳೆದು ಕಲಿತವಳು. ಮೆಷಿನ್ ಕೂಡ ಅವಳದಲ್ಲ, ಅವಳ ಅಕ್ಕನದು. ಅಕ್ಕ ಚೊಚ್ಚಲ ಹೆರಿಗೆಗೆ ಹೋದವಳು ತಿರುಗಿ ಬರಲಿಲ್ಲ. ಕೈಕಾಲು ಸೆಟೆದು, ಹಲ್ಲು ಕಚ್ಚಿ, ಕೂಸಿನ ಮುಖ ನೋಡದೆ ಹೋದಳು. ಕೂಸೂ ಉಳಿಯಲಿಲ್ಲ. ಏಕೆ ಹಾಗಾಯಿತೆಂದು ಮನೆಯವರಿಗೆ ತಿಳಿಯಲಿಲ್ಲ, ತಿಳಿದವರು ಬಂದು ಹೇಳಲೂ ಇಲ್ಲ. ಮುಚ್ಚಳ ಹಾಕಿದ ಮೆಷಿನ್ ಮೂಲೆಯಲ್ಲಿ ಉಳಿಯಿತು. ಹದಿನೈದರ ಹುಡುಗಿ ಒಂದು ದಿನ ಆ ಮುಚ್ಚಳ ತೆಗೆದಳು. ಅಲ್ಲಿಂದ ಇಲ್ಲಿಯವರೆಗೆ ಮೂವತ್ತೆರಡು ವರ್ಷ, ಅವಳ ಕಾಲು ಆ ಪೆಡಲಿನ ಮೇಲೇ ಇತ್ತು. ಆದರೆ ಅಕ್ಕನ ಮಾತೆತ್ತಿದರೆ ಮಾತ್ರ ಬಾಯಿಗೆ ಬೀಗ. ಮಗಳು ಬಸುರಿಯಾದಾಗ ಗಂಡನಿಗೂ ಬೆರಳು ತೋರಿಸಿ ಹೇಳಿದ್ದಳು: "ಅಕ್ಕನ ಕಥೆ ಅವಳ ಕಿವಿಗೆ ಬಿದ್ರೆ ನೋಡಿ. ಹೆದರಿ ಸಾಯ್ತಾಳೆ ನನ್ನ ಮಗು."

ಗಂಡ ಇಸ್ತ್ರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ; ಒಳಗೋಡೆಯ ಕಡೆ ಅವಳ ಮೆಷಿನ್, ಕಿಟಕಿಯ ಕಡೆ ಅವನ ಮೇಜು. ಇವಳು ಹೊಲಿದದ್ದು ಅಲ್ಲೇ ಕೈ ಬದಲಾಗಿ ಮಡಿಕೆಯಾಗುತ್ತಿತ್ತು. ಇಬ್ಬರಿಗೂ ದಿನಕ್ಕೆ ನೂರು ಜಗಳ, ಒಂದೂ ಊಟದ ಹೊತ್ತಿನವರೆಗೆ ಬಾಳುತ್ತಿರಲಿಲ್ಲ.

ಮಗಳ ಮನೆ ಎರಡು ಬೀದಿಯಾಚೆ. ಅಳಿಯ ಬ್ರೆಡ್ಡಿನ ಭಟ್ಟಿಯಲ್ಲಿ ಕೆಲಸ ಮಾಡುವವನು, ಬೆಳಗಿನ ಜಾವವೇ ಹೊರಟುಬಿಡುತ್ತಿದ್ದ. ಒಬ್ಬಳೇ ಕೂತು ಏನು ಮಾಡುವುದೆಂದು ಮಗಳು ಹತ್ತು ಗಂಟೆಗೆ ತವರಿಗೆ ಬಂದು, ಕಿಟಕಿಯ ಕೆಳಗಿನ ಮಣೆಯ ಮೇಲೆ ಕೂತು, ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಎಂಟನೇ ತಿಂಗಳು. ಆ ಹೊತ್ತಿಗೇ ಶಾಲೆಯೊಂದರ ಸಮವಸ್ತ್ರದ ಕೆಲಸ ಬಂದಿತ್ತು. ನೂರ ನಲವತ್ತು ಅಂಗಿ, ಮಾತು ಕೊಟ್ಟ ದಿನ ಹತ್ತಿರ. ಬಡಾವಣೆಯ ಚಿಕಿತ್ಸಾಲಯದ ನರ್ಸಮ್ಮ ಹದಿನೈದು ದಿನಕ್ಕೊಮ್ಮೆ ಬಂದು ಬಿಪಿ ನೋಡಿಸಿಕೋ ಎಂದು ಚೀಟಿಯಲ್ಲಿ ತಾರೀಖು ಬರೆದುಕೊಟ್ಟಿದ್ದಳು. ಆ ತಾರೀಖು ಬಂದು ಹೋಗಿ ಎಂಟು ದಿನವಾಗಿತ್ತು.

"ಇವತ್ತು ಹೋಗಿ ಬರಲಾ ಅಮ್ಮ?"

"ಹೋಗು. ಆ ಡಜನ್ ಗುಂಡಿ ಮುಗಿಸಿ ಹೋಗು."

ಡಜನ್ ಮುಗಿಯುವಾಗ ಇನ್ನೊಂದು ಡಜನ್ ಮಡಿಲಿಗೆ ಬಿದ್ದಿರುತ್ತಿತ್ತು. ಮಗಳೂ ಚೆನ್ನಾಗಿಯೇ ಕಾಣುತ್ತಿದ್ದಳು. ಕೆನ್ನೆ ದುಂಡಗಾಗಿ, ಕೈ ತುಂಬಿಕೊಂಡು, ನೋಡಿದವರ ಕಣ್ಣು ಬೀಳುವ ಹಾಗಿದ್ದಳು. ಅಂಗಿಯ ತೋಳು ಬಿಗಿ ಎಂದಾಗ ತಾಯಿ ತಾನೇ ಕೂತು ಎರಡನೇ ಸಾಲು ಬಿಚ್ಚಿದಳು. ಮತ್ತೆ ನಾಲ್ಕು ದಿನಕ್ಕೆ ಮೂರನೆಯದನ್ನೂ ಬಿಚ್ಚಿ, ದಾರದ ಚೂರನ್ನು ಊದಿ ಹಾರಿಸಿ ಗಂಡನಿಗೆ ತೋರಿಸಿದ್ದಳು. "ನೋಡ್ರೀ, ನನ್ನ ಕೈಯೂಟ ಹೇಗೆ ಹತ್ತಿದೆ ಮಗಳಿಗೆ!"

ಗಂಡ ಇಸ್ತ್ರಿ ಪೆಟ್ಟಿಗೆ ಎತ್ತದೆಯೇ ಹೇಳಿದ್ದ: "ಊಟ ಹತ್ತಿದ್ದು ನಿಜ ಕಣೆ. ಆದ್ರೆ ಅವಳ ಚಪ್ಪಲಿ ಅವಳ ಕಾಲಿಗೇ ಹತ್ತುತ್ತಾ ಇಲ್ಲ. ನನ್ನ ಚಪ್ಪಲಿ ಹಾಕ್ಕೊಂಡು ಹೋದ್ಲು, ನಾನು ಬರಿಗಾಲಲ್ಲಿ ಹಾಲು ತಂದೆ."

ಅದಕ್ಕೂ ನಕ್ಕರು.

ಸೋಮವಾರ ಹನ್ನೊಂದರ ಹೊತ್ತಿಗೆ ನರ್ಸಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ತೆಳ್ಳನೆ ಹೆಂಗಸು, ನಡಿಗೆ ಮಾತ್ರ ಬಿರುಸು. ಹೆಗಲಲ್ಲಿ ಮನೆಮನೆ ತಿರುಗುವ ಚೀಲ, ಕೈಯಲ್ಲಿ ಬಿಳಿ ಕೋಟು. ಕೋಟಿನ ಜೇಬು ಹರಿದು ನೇತಾಡುತ್ತಿತ್ತು.

"ಏನು ನರ್ಸಮ್ಮ, ಜೇಬಲ್ಲಿ ಕಲ್ಲು ತುಂಬ್ತೀರಾ?" ಎಂದಳು ಮೂರ್ಹೊಲಿಗೆ ಅಕ್ಕ.

"ನಿಮ್ಮಂಥವರ ಮನೆಗೆ ಹೋಗೋಕೆ ಕಲ್ಲೇ ಬೇಕು. ಎಲ್ಲಿ ನಿಮ್ಮ ಮಗಳು? ಪುಸ್ತಕದಲ್ಲಿ ಅವಳ ಸಾಲು ಖಾಲಿ ಇದೆ, ಜೇಬು ಒಂದು ನೆಪ." ಅಷ್ಟರಲ್ಲಿ ಕಿಟಕಿಯ ಕೆಳಗೆ ಅವಳ ಕಣ್ಣು ಬಿತ್ತು. ಮುಖ ನೋಡಿದಳು, ಕಾಲು ನೋಡಿದಳು, ಕಾಲಲ್ಲಿದ್ದ ಗಂಡಸಿನ ಚಪ್ಪಲಿ ನೋಡಿದಳು. ನಗು ಇಳಿಯಿತು. "ಕುರ್ಚಿ ಮೇಲೆ ಬಾಮ್ಮ. ಬೆನ್ನು ಒರಗಿಸಿ ಕೂತ್ಕೋ. ಪಾದ ಎರಡೂ ನೆಲದ ಮೇಲೆ ಇರಲಿ. ಐದು ನಿಮಿಷ ಯಾರೂ ಮಾತಾಡಬಾರದು, ಮೆಷಿನ್ನೂ."

"ನಾನು ಐದು ನಿಮಿಷ ಸುಮ್ಮನಿದ್ರೆ ನನ್ನ ಬಿಪಿ ಏರುತ್ತೆ" ಎಂದಳು ಅಕ್ಕ.

"ಆಮೇಲೆ ನಿಮ್ಮದೂ ನೋಡೋಣ."

ಮದುವೆಯಾದಾಗಿನಿಂದ ಆ ಕೋಣೆಯಲ್ಲಿ ಅಂಥ ಮೌನ ಬಿದ್ದಿರಲಿಲ್ಲ. ಗಂಡ ಇಸ್ತ್ರಿ ಪೆಟ್ಟಿಗೆಯನ್ನು ಅದರ ಕಾಲ ಮೇಲೆ ನಿಲ್ಲಿಸಿ ಕೈಕಟ್ಟಿ ನಿಂತ. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದಳು, ಇಳಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿದಳು. ನೂರ ಅರವತ್ತೆಂಟು ಮೇಲೆ, ನೂರ ಹನ್ನೆರಡು ಕೆಳಗೆ. ಎರಡು ಸಲವೂ ಹೆಚ್ಚುಕಮ್ಮಿ ಅಷ್ಟೇ.

"ತಲೆನೋವು ಇದೆಯಾ?"

"ಎರಡು ದಿನದಿಂದ" ಎಂದಳು ಮಗಳು ಮೆಲ್ಲಗೆ.

"ನನಗೆ ಹೇಳಲಿಲ್ಲ ನೀನು!" ಎಂದಳು ತಾಯಿ.

"ಮೆಷಿನ್ ಸದ್ದಿಗೆ ಅಂದುಕೊಂಡೆ. ಹೇಳಿದ್ರೆ ನೀನು ಮೆಷಿನ್ ನಿಲ್ಲಿಸ್ತಿದ್ದೆ. ನೂರ ನಲವತ್ತು ಅಂಗಿ..."

"ಕೈ, ಮುಖ ಊದಿರೋದು ಎಷ್ಟು ದಿನದಿಂದ?" ನರ್ಸಮ್ಮ ಕೇಳಿದಳು.

ಅಕ್ಕನಿಗೆ ಅದು ತನ್ನ ಕೆಲಸವನ್ನೇ ಕೆಣಕಿದ ಹಾಗಾಯಿತು. "ಊತ ಅಲ್ಲ ನರ್ಸಮ್ಮ, ಮೈ ತುಂಬಿಕೊಂಡಿದ್ದಾಳೆ. ಊದಿದ್ರೆ ಅಂಗಿ ಹಿಡೀಬೇಕಿತ್ತಲ್ಲ? ನೋಡಿ, ತೋಳಲ್ಲಿ ಬೆರಳು ಆಡುತ್ತೆ."

ನರ್ಸಮ್ಮ ತೋಳಿನ ಅಂಚು ಹಿಡಿದು ಒಳಮಗ್ಗುಲು ಹೊರಕ್ಕೆ ಮಗುಚಿದಳು. ಬಟ್ಟೆಯ ಮೇಲೆ ಸೂಜಿ ತೂತುಗಳ ಮೂರು ಸಾಲು. ಅಂಚಿನ ಕೊನೇ ಹೊಲಿಗೆಯೊಂದನ್ನು ಬಿಟ್ಟರೆ ಮೂರರಲ್ಲೂ ದಾರವಿಲ್ಲ. "ಇವನ್ನ ಯಾವಾಗ ಬಿಚ್ಚಿದ್ದು ಅಕ್ಕ?"

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮೊದಲನೆಯದು ಎರಡು ತಿಂಗಳ ಕೆಳಗೆ. ಎರಡನೆಯದು ಈ ತಿಂಗಳ ಹತ್ತಕ್ಕೆ. ಮೂರನೆಯದು ಹದಿನಾಲ್ಕಕ್ಕೆ. ನಾಲ್ಕು ದಿನದಲ್ಲಿ ಅಷ್ಟು ಮೈ ಯಾರಿಗೂ ಬರುವುದಿಲ್ಲವೆಂದು ಮೂವತ್ತೆರಡು ವರ್ಷ ಟೇಪು ಹಿಡಿದ ಕೈಗೆ ಗೊತ್ತಿರಬೇಕಿತ್ತು. ಬೇರೆ ಯಾವ ಅಂಗಿಯಾದರೂ ಅವಳ ತೋಳನ್ನು ಕಚ್ಚಿ ಹಿಡಿದು ಕೂಗಿ ಹೇಳುತ್ತಿತ್ತು. ಇದು ಮಾತ್ರ ಮೈ ಹೇಳಿದ ಹಾಗೆ ಕೇಳಿಕೊಂಡು ಸುಮ್ಮನಿತ್ತು. ಹಾಗೆ ಸುಮ್ಮನಿರಲೆಂದೇ ಅವಳು ಹೊಲಿದದ್ದು.

"ಇದು ಬಸುರಿನ ಬಿಪಿ ಅಕ್ಕ, ಜೋರಾಗಿದೆ. ಈಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ನಾಳೆ ಅಲ್ಲ, ಊಟ ಮಾಡಿ ಅಲ್ಲ, ಈಗ."

"ಉಪ್ಪು ಬಿಡಿಸಿ ನಾಲ್ಕು ದಿನ ಮಲಗಿಸಿದ್ರೆ..." ಗಂಡ ಅರ್ಧಕ್ಕೆ ನಿಲ್ಲಿಸಿದ.

"ಉಪ್ಪು ಬಿಟ್ರೆ ಇಳಿಯೋ ಕಾಯಿಲೆ ಅಲ್ಲ ಅಣ್ಣ. ಮದ್ದು ಬೇಕು, ಕಾವಲು ಬೇಕು. ತಡ ಮಾಡಿದ್ರೆ ಸೆಳೆತ ಬರಬಹುದು. ತಾಯಿಗೂ ಮಗುವಿಗೂ ಅಪಾಯ."

ಸೆಳೆತ ಎಂಬ ಮಾತು ಕೇಳಿದ್ದೇ ತಡ, ಅಕ್ಕ ಮಗಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೆಟೆದುಕೊಂಡ ಬೆರಳುಗಳು ಕಣ್ಮುಂದೆ ಬಂದು ನಿಂತವು. ಹೆರಿಗೆಯಲ್ಲಿ ಹೋದ ಒಡಹುಟ್ಟಿದವಳ ಬೆರಳುಗಳು.

ಬಾಗಿಲಲ್ಲಿ ಸಮವಸ್ತ್ರದ ಗಂಟು ಒಯ್ಯಲು ಬಂದ ವ್ಯಾನು ನಿಂತಿತ್ತು. ಒಂದು ಗಂಟು ಆಗಲೇ ಏರಿತ್ತು. ವ್ಯಾನಿನವನು ಒಳಗೆ ಇಣುಕಿ ಎಲ್ಲರ ಮುಖ ನೋಡಿದ; ಯಾರೂ ಕೇಳುವ ಮುಂಚೆ ಆ ಗಂಟನ್ನು ಎಳೆದು ಜಗಲಿಗೆ ಎಸೆದ. "ಶಾಲೆ ಎಲ್ಲೂ ಓಡಿಹೋಗಲ್ಲ. ಹತ್ತಿ ಅಮ್ಮ." ನರ್ಸಮ್ಮ ಆಸ್ಪತ್ರೆಗೆ ಫೋನ್ ಮಾಡಿ ವಾರ, ಅಂಕಿ ಎಲ್ಲ ಹೇಳುತ್ತಲೇ ತಾನೂ ಹತ್ತಿದಳು, ಮಗಳನ್ನು ಎಡಮಗ್ಗುಲಿಗೆ ಮಲಗಿಸಿದಳು. ಅಕ್ಕ ಮಗಳ ಕಾಲ ಬಳಿ ಕೂತಳು. ದಾರಿಯುದ್ದಕ್ಕೂ ಅವಳು ರಸ್ತೆ ನೋಡಲಿಲ್ಲ, ಮಗಳ ಕೈಬೆರಳನ್ನೇ ನೋಡಿದಳು.

"ಅಮ್ಮ, ಕಣ್ಮುಂದೆ ಏನೋ ಮಿಣುಕು ಮಿಣುಕು ಅನ್ನುತ್ತೆ" ಎಂದಳು ಮಗಳು.

ನರ್ಸಮ್ಮ ವ್ಯಾನಿನವನ ಬೆನ್ನು ತಟ್ಟಿದಳು. ಅವನು ವೇಗ ಹೆಚ್ಚಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಗಿಲಲ್ಲೇ ಕಾದಿದ್ದಳು. ಗಿಡ್ಡನೆ ಹೆಂಗಸು, ಕನ್ನಡಕ ದಾರದಲ್ಲಿ ಎದೆ ಮೇಲೆ ತೂಗುತ್ತಿತ್ತು. ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಬಿಪಿ ಇಳಿಸುವ ಮಾತ್ರೆ, ಎಲ್ಲ ಒಂದರ ಹಿಂದೆ ಒಂದು ನಡೆಯಿತು. ನಡುವೆ ಅವಳು ಚೀಟಿ ತಿರುವಿ ಕೇಳಿದಳು: "ಮನೇಲಿ ಯಾರಿಗಾದ್ರೂ ಬಸುರಲ್ಲಿ ಬಿಪಿ, ಸೆಳೆತ ಬಂದಿತ್ತಾ? ಇಲ್ಲ ಅಂತ ಬರೆಸಿದ್ದೀರಿ."

"ಇಲ್ಲ ಡಾಕ್ಟ್ರೇ, ಯಾರಿಗೂ ಇಲ್ಲ" ಎಂದಳು ಮಗಳು.

"ಇದೆ" ಎಂದಳು ತಾಯಿ.

ಮಗಳು ತಲೆ ತಿರುಗಿಸಿ ನೋಡಿದಳು. ಅಕ್ಕ ಬೀಗ ಹಾಕಿದ್ದ ಬಾಯಿ ತೆರೆದಳು. "ನನ್ನ ಒಡಹುಟ್ಟಿದ ಅಕ್ಕ. ಚೊಚ್ಚಲು. ಸೆಟೆದುಕೊಂಡೇ ಹೋದಳು. ಇವಳು ಹೆದರ್ತಾಳೆ ಅಂತ ನಾನು ಹೇಳಲಿಲ್ಲ. ತಪ್ಪು ನಂದೇ. ಅವಳಿಗೆ ಬೈಬೇಡಿ."

ಡಾಕ್ಟರಮ್ಮ ಬೈಯಲಿಲ್ಲ. ಕನ್ನಡಕ ಏರಿಸಿ ಅದನ್ನು ಬರೆದುಕೊಂಡಳು. "ಮೊದಲೇ ಗೊತ್ತಿದ್ರೆ ಇನ್ನೂ ಬೇಗ ಕಾವಲು ಇಡ್ತಿದ್ವಿ. ಈಗ ಹೇಳಿದ್ರಲ್ಲ, ಅದೂ ಒಳ್ಳೇದೇ. ನೀವು ಸರಿಯಾದ ಹೊತ್ತಿಗೆ ತಂದಿದ್ದೀರಿ ಅಮ್ಮ. ಸೆಳೆತ ಬರದ ಹಾಗೆ ತಡೆಯೋ ಮದ್ದು ಕೊಡ್ತೀವಿ. ಬಿಪಿ ಹತೋಟಿಗೆ ಬಂದ ಮೇಲೆ ಹೆರಿಗೆ ಮಾಡಿಸೋದೇ ದಾರಿ. ಮೂವತ್ತೈದನೇ ವಾರ, ಮಗು ಸಣ್ಣದಿರುತ್ತೆ, ಆದ್ರೆ ನೋಡಿಕೊಳ್ಳಬಹುದು."

ಮದ್ದು ಹನಿಹನಿಯಾಗಿ ನರಕ್ಕೆ ಇಳಿಯಿತು. "ಮೈ ಬಿಸಿಯಾಗುತ್ತೆ, ಗಾಬರಿ ಆಗಬೇಡಿ" ಎಂದಿದ್ದರು. ಸ್ವಲ್ಪ ಹೊತ್ತಿಗೆ ಮಗಳು, "ಅಮ್ಮ, ಅಪ್ಪನ ಇಸ್ತ್ರಿ ಪೆಟ್ಟಿಗೆ ಮೈಮೇಲೆ ಆಡಿಸಿದ ಹಾಗಿದೆ" ಎಂದಳು. ಅಂಥ ಹೊತ್ತಲ್ಲೂ ಮಗಳ ಬಾಯಲ್ಲಿ ಆ ಮಾತು ಕೇಳಿ ಅಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ವಾರ್ಡಿನ ನರ್ಸು ಗಂಟೆಗೊಮ್ಮೆ ಬಂದು ಪುಟ್ಟ ಸುತ್ತಿಗೆಯಿಂದ ಮಗಳ ಮೊಣಕಾಲು ತಟ್ಟಿ ನೋಡುತ್ತಿದ್ದಳು. ಮದ್ದು ಹೆಚ್ಚಾದರೆ ಕಾಲು ಮಿಡಿಯುವುದಿಲ್ಲವಂತೆ. ಪ್ರತಿ ಸಲ ಆ ಕಾಲು ಟಣ್ಣನೆ ಎಗರಿದಾಗ ಅಕ್ಕನ ಜೀವವೂ ಎಗರಿ ಜಾಗಕ್ಕೆ ಬಂದು ಕೂರುತ್ತಿತ್ತು.

ಅಳಿಯ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಓಡಿಬಂದ. "ಅತ್ತೆ, ಹೇಗಿದ್ದಾಳೆ?"

"ಕೈ ತೊಳ್ಕೊಂಡು ಬಾ, ಆಮೇಲೆ ಹೇಳ್ತೀನಿ. ಅವಳು ನಿನ್ನ ಬ್ರೆಡ್ ಅಲ್ಲ."

ಮರುದಿನ ಅಂಕಿಗಳು ಇಳಿದವು. ಹೆರಿಗೆ ನೋವು ಬರಿಸುವ ಮದ್ದು ಹಾಕಿ, ಮೂರನೇ ದಿನ ಬೆಳಿಗ್ಗೆ ಹೆರಿಗೆ ಕೋಣೆಗೆ ಒಯ್ದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ಕಾಲು ತಾನಾಗಿ ನೆಲ ತುಳಿಯುತ್ತಿತ್ತು. ಕೊರಳಲ್ಲಿ ಸೋಮವಾರದ ಟೇಪು ಹಾಗೇ ಇತ್ತು. ನೆಲ ಒರೆಸುವ ಆಯಮ್ಮ ನಿಂತು ನೋಡಿ, "ಏನಮ್ಮ, ಆಸ್ಪತ್ರೆಗೆ ಪರದೆ ಹೊಲಿಯೋಕೆ ಬಂದ್ಯಾ?" ಎಂದಳು.

"ಮಗಳನ್ನ ಉಳಿಸಿಕೊಡಿ, ಎಲ್ಲ ಕಿಟಕಿಗೂ ಹೊಲಿದುಕೊಡ್ತೀನಿ."

ಆಯಮ್ಮ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೆಲಸ ಬಿಟ್ಟು, ಹತ್ತು ನಿಮಿಷ ಅವಳ ಪಕ್ಕದಲ್ಲಿ ಕೂತಳು. ಅಷ್ಟೇ. ಅದನ್ನು ಅಕ್ಕ ಇವತ್ತಿಗೂ ಮರೆತಿಲ್ಲ.

ಮಧ್ಯಾಹ್ನ ಎರಡೂವರೆಗೆ ಹೆಣ್ಣು ಮಗು. ಎರಡು ಕೆಜಿಗೆ ಒಂದು ಹಿಡಿ ಕಮ್ಮಿ. ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಡಾಕ್ಟರಮ್ಮ ಹೊರಬಂದು, "ತಾಯಿ ಮಾತಾಡ್ತಿದ್ದಾರೆ, ಸೆಳೆತ ಬಂದಿಲ್ಲ" ಎಂದಾಗ ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. ಏನೇನೋ ಹೇಳಬೇಕೆಂದಿದ್ದವಳು ಕೇಳಿದ್ದು ಒಂದೇ: "ನಮ್ಮಕ್ಕನ ಕಾಲದಲ್ಲಿ ಈ ಮದ್ದು ಇತ್ತಾ ಡಾಕ್ಟರಮ್ಮ?"

ಡಾಕ್ಟರಮ್ಮ ಕನ್ನಡಕ ಇಳಿಸಿದಳು. "ಇತ್ತು ಅಮ್ಮ. ಆದ್ರೆ ಅವರ ತೋಳಿಗೆ ಯಾರಾದ್ರೂ ಪಟ್ಟಿ ಕಟ್ಟಿ ನೋಡಿದ್ರೋ ಇಲ್ವೋ."

ಹೆತ್ತ ಮೇಲೆ ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರಿಟ್ಟರು. ಮೂರು ದಿನಕ್ಕೇ ಕೂಸು ಗಾಜಿನ ಪೆಟ್ಟಿಗೆಯಿಂದ ಮಡಿಲಿಗೆ ಬಂತು; ಮಗಳು ಮನೆಗೆ ಹೋಗೋಣವೆಂದು ಹಟ ಹಿಡಿದಳು. ನೋಡಲು ಬಂದಿದ್ದ ನರ್ಸಮ್ಮ ಗಂಟುಮೂಟೆ ಕಟ್ಟುತ್ತಿದ್ದ ಅಳಿಯನ ಕೈ ತಡೆದಳು. "ಹೆರಿಗೆ ಆದ ಮೇಲೂ ಇದು ತಲೆ ಎತ್ತುತ್ತೆ. ಅವರು ಹೋಗಿ ಅನ್ನೋವರೆಗೂ ಕದಲಬೇಡಿ." ಹೇಳಿದ ಹಾಗೇ ನಾಲ್ಕನೇ ದಿನ ಅಂಕಿ ಮತ್ತೆ ನೂರ ಅರವತ್ತು ಮುಟ್ಟಿತು. ಮಾತ್ರೆ ಬದಲಿಸಿ, ಇನ್ನೂ ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಆ ದಿನ ಮನೆಯಲ್ಲಿದ್ದಿದ್ದರೆ ಎಂದು ನೆನೆದಾಗಲೆಲ್ಲ ಅಕ್ಕ ನರ್ಸಮ್ಮನ ಕಡೆ ಮುಖ ಮಾಡಿ ಕೈ ಮುಗಿಯುತ್ತಾಳೆ, ನರ್ಸಮ್ಮ ಎದುರಿಗೆ ಇರಲಿ ಬಿಡಲಿ.

ಮನೆಗೆ ಬಂದ ಅಕ್ಕ ಮೊದಲು ಮಾಡಿದ್ದು ನರ್ಸಮ್ಮನ ಕೋಟಿನ ಕೆಲಸ. ಹರಿದ ಜೇಬನ್ನು ಕಿತ್ತು, ದಪ್ಪ ಬಟ್ಟೆಯಲ್ಲಿ ನಾಲ್ಕು ಹೊಸ ಜೇಬು ಇಟ್ಟು, ಎರಡೆರಡು ಸಾಲು ಹೊಲಿಗೆ ಹಾಕಿದಳು. ಅದನ್ನು ಕೊಡುವಾಗ ತನ್ನ ಹೊಸ ಉಪಾಯವನ್ನೂ ಹೇಳಿದಳು. "ಇನ್ಮೇಲೆ ಬಸುರಿ ಅಂಗಿಗೆ ಮೂರನೇ ಸಾಲು ಕೆಂಪು ದಾರ. ಕೆಂಪು ಬಿಚ್ಚೋ ಮುಂಚೆ ನಿಮ್ಮ ಹತ್ರ ಬರಬೇಕು. ಹೇಗಿದೆ?"

"ಚೆನ್ನಾಗಿದೆ, ಆದ್ರೆ ಸಾಲದು" ಎಂದಳು ನರ್ಸಮ್ಮ. "ಎಲ್ಲರೂ ಊದಿಕೊಳ್ಳಲ್ಲ ಅಕ್ಕ. ಮೈ ನೆಟ್ಟಗಿದ್ದು, ತಲೆನೋವೂ ಇಲ್ಲದೆ ಬಿಪಿ ಏರಿರುತ್ತೆ. ನಿಮ್ಮ ದಾರಕ್ಕೂ ಅದು ಸಿಗಲ್ಲ, ನನ್ನ ಕಣ್ಣಿಗೂ ಸಿಗಲ್ಲ. ತೋಳಿಗೆ ಪಟ್ಟಿ ಕಟ್ಟಲೇಬೇಕು. ತಾರೀಖಿಗೆ ಬರೋ ಹಾಗೆ ಮಾಡಿ, ಸಾಕು."

ಮೊದಲಿನ ಅಕ್ಕನಾಗಿದ್ದರೆ ತನ್ನ ಉಪಾಯಕ್ಕೆ ಕುಂದು ಹೇಳಿದರೆಂದು ಮೂರು ದಿನ ಮುಖ ಊದಿಸಿಕೊಳ್ಳುತ್ತಿದ್ದಳು. ಈಗ ಅಳತೆ ಪುಸ್ತಕ ತೆಗೆದಳು. ಕುತ್ತಿಗೆ, ಭುಜ, ಎದೆ, ತೋಳು ಎಂದು ಬರೆಯುವ ಕಡೆ ಕೊನೆಗೆ ಇನ್ನೊಂದು ಗೆರೆ ಎಳೆದಳು: ನರ್ಸಮ್ಮನ ತಾರೀಖು. ಆ ತಾರೀಖಿಗೆ ಹೋಗಿ ಬಂದ ಚೀಟಿ ತೋರಿಸದಿದ್ದರೆ ಅಂಗಿ ಕೊಡುವುದಿಲ್ಲ. ಹೊಲಿದು, ಮಡಿಸಿ, ಕಪಾಟಿನಲ್ಲಿ ಕಾಣುವ ಹಾಗೆ ಇಟ್ಟಿರುತ್ತಾಳೆ, ಕೊಡುವುದಿಲ್ಲ.

"ಇದೇನಕ್ಕ, ನನ್ನ ಬಟ್ಟೆಗೆ ನೀನು ಕಾವಲಾ?" ಎಂದು ಒಬ್ಬಳು ರೇಗಿದಳು.

"ಹೂಂ ಕಣೆ. ಬೈಕೋ. ಬೈತಾ ಬೈತಾ ಹೋಗಿ ಬಾ, ನಾಲ್ಕು ಹೆಜ್ಜೆ."

ಕಿಟಕಿ ಕಡೆಯಿಂದ ಗಂಡ ಹೇಳಿದ: "ಹೋಗಿ ಬಾಮ್ಮ. ಮದುವೆ ಆದಾಗಿಂದ ನಾನೇ ಗೆದ್ದಿಲ್ಲ, ನೀನು ಗೆಲ್ತೀಯಾ?"

ಆರು ವಾರ ತುಂಬಿದ ದಿನ ಮಗಳು ಕೂಸನ್ನೆತ್ತಿಕೊಂಡು ಚಿಕಿತ್ಸಾಲಯದಿಂದ ನೇರ ಅಂಗಡಿಗೆ ಬಂದಳು. ನೂರ ಹದಿನೆಂಟಕ್ಕೆ ಎಪ್ಪತ್ತಾರು. ಮಾತ್ರೆ ನಿಲ್ಲಿಸಿ ಎರಡು ವಾರವಾಗಿತ್ತು. ಮುಂದೆ ಇನ್ನೊಂದು ಬಸುರಾದರೆ ತಿಂಗಳು ನಿಂತ ಕೂಡಲೇ ಬಂದು ಹೇಳಬೇಕು, ಆಗಿನಿಂದಲೇ ಕೊಡುವ ಮಾತ್ರೆಯೊಂದಿದೆ, ವರ್ಷಕ್ಕೊಮ್ಮೆ ಬಿಪಿ ನೋಡಿಸುವುದನ್ನು ಜೀವಮಾನ ಪೂರ್ತಿ ಬಿಡಬಾರದು ಎಂದು ನರ್ಸಮ್ಮ ಹೇಳಿ ಕಳಿಸಿದ್ದಳು. ಮಗಳ ಕಾಲಲ್ಲಿ ಈಗ ಅವಳದೇ ಚಪ್ಪಲಿ.

"ಅಮ್ಮ, ಈ ಅಂಗಿ ಈಗ ಗೋಣಿಚೀಲದ ಹಾಗೆ ನೇತಾಡುತ್ತೆ. ಹಿಡಿದುಕೊಡು."

ಅಕ್ಕ ಅಂಗಿಯನ್ನು ಒಳಮಗ್ಗುಲಾಗಿ ತಿರುವಿದಳು. ಸೂಜಿ ತೂತಿನ ಸಾಲುಗಳು ಇನ್ನೂ ಮಾಸಿರಲಿಲ್ಲ. ಮೂರನೇ ಸಾಲಿನ ಗುರುತಿನ ಮೇಲೆ ಬಟ್ಟೆ ಇಟ್ಟು, ಮೆಷಿನಿನ ಪಾದ ಇಳಿಸಿದಳು. ಗಂಡ ಕೂಸನ್ನೆತ್ತಿಕೊಂಡು, ಇಸ್ತ್ರಿ ಪೆಟ್ಟಿಗೆಯಿಂದ ಆದಷ್ಟು ದೂರ, ಬಾಗಿಲಲ್ಲಿ ನಿಂತಿದ್ದ. ಒಂದು ಸಾಲು ಮುಗಿಯಿತು, ಎರಡನೆಯದು ಮುಗಿಯಿತು.

"ಅಮ್ಮ, ದೊಡ್ಡಮ್ಮ ಇದೇ ಮೆಷಿನ್‌ನಲ್ಲಿ ಹೊಲೀತಿದ್ಲಾ?"

ಅಕ್ಕನ ಕಾಲು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ತುಳಿಯತೊಡಗಿತು. "ಇದರಲ್ಲೇ. ಒಂದು ನಿಜ ಹೇಳಲಾ? ಅವಳಿಗೆ ನೆಟ್ಟಗೆ ಒಂದು ಸಾಲು ಹೊಲಿಯೋಕೆ ಬರ್ತಿರಲಿಲ್ಲ ಕಣೆ. ಹಾವು ಹರಿದ ಹಾಗೆ ಹೋಗೋದು. ನಾನು ನಕ್ರೆ ಕತ್ತರಿ ಹಿಡಿದು ಅಟ್ಟಿಸಿಕೊಂಡು ಬರ್ತಿದ್ಲು..."

ಮೂರನೇ ಸಾಲು ಮುಗಿದರೂ ಮಾತು ಮುಗಿದಿರಲಿಲ್ಲ. ಗಂಡ ಕೂಸನ್ನು ತೂಗುತ್ತ ಒಳಗೆ ಬಂದು, ತಾನೂ ಕೇಳುತ್ತ ಕೂತ.